ಪುಷ್ಪಾವತಿಯ ಬರಹವನ್ನು ಮತ್ತೆ “ಇದೀಗ” ಎಂದು ತೋರಿಸುವ ಬಗ್ಗೆ

ಇಂದ:
ದಯಾನಂದ, ವಯಸ್ಸು ಐವತ್ತೆಂಟು,
ಹೋಟೆಲ್ ಮಾಲೀಕ, ಸೀವುಡ್ಸ್, ನವಿ ಮುಂಬಯಿ.

ಗೆ:
ಶ್ರೀ ಯತಿನ್,
ಸದರಿ ಹೋಟೆಲಿನ ವೆಬ್‌ಸೈಟ್ ಮಾಡಿದವರು ಹಾಗೂ ನನ್ನ ಅಕ್ಕನ ಮಗ,
ಡೊಂಬಿವಲಿ (ಪೂರ್ವ).

ದಿನಾಂಕ: ಆಟಿ ತಿಂಗಳ ಹನ್ನೆರಡು (ತಮ್ಮ ಕಂಪ್ಯೂಟರಿಗೆ ತಿಳಿಯದಿದ್ದರೆ ತಮ್ಮ ತಾಯಿಯನ್ನು ಕೇಳುವುದು)

ವಿಷಯ: “ಒಂಬತ್ತು ವರ್ಷಗಳ ಹಿಂದೆ” ಎಂಬುದನ್ನು ರದ್ದುಪಡಿಸಿ “ಇದೀಗ” ಎಂದು ಪುನಃ ಸ್ಥಾಪಿಸುವ ಕುರಿತು.

ಉಲ್ಲೇಖ: ೧. ಗಿರಾಕಿಗಳ ಅಭಿಪ್ರಾಯ ಪುಸ್ತಕ, ಪುಟ ೪೧.
೨. ನಾನು ತಮಗೆ ಫೋನಿನಲ್ಲಿ ಬೈದದ್ದು. ತಮ್ಮ ವೆಬ್‌ಸೈಟಿನ ಭಾಷೆಯಲ್ಲಿ, “ಎರಡು ದಿನಗಳ ಹಿಂದೆ”.

ಮಾನ್ಯರೇ,

ಮೊನ್ನೆ ಬೈದು ಮಾಡಿಸಿಕೊಂಡ ಕೆಲಸವನ್ನು ಇಂದು ಕೈಮುಗಿದು ರದ್ದು ಮಾಡಿ ಎನ್ನುತ್ತಿದ್ದೇನೆ. ನಗಬೇಡಿ. ಕಾರಣಗಳು ಈ ಕೆಳಗಿನಂತಿವೆ.

೧. ಕಳೆದ ತಿಂಗಳು ತಾವು ನಮ್ಮ ಹಳೆಯ ಅಭಿಪ್ರಾಯ ಪುಸ್ತಕವನ್ನೆಲ್ಲ ವೆಬ್‌ಸೈಟಿಗೆ ಏರಿಸಿದಿರಿ. ತಾರೀಕು ನೋಡಿ ಲೆಕ್ಕ ಹಾಕಲು ಈಗ ಯಾರಿಗೂ ಪುರುಸೊತ್ತಿಲ್ಲವಾದ ಕಾರಣ, ಪ್ರತಿ ಬರಹದ ಕೆಳಗೆ “ಮೂರು ದಿನಗಳ ಹಿಂದೆ”, “ಎಂಟು ತಿಂಗಳ ಹಿಂದೆ” ಎಂದು ಕಂಪ್ಯೂಟರೇ ತೋರಿಸುವಂತೆ ಮಾಡಿದಿರಿ. ಇದಕ್ಕೆ ನನ್ನ ತಕರಾರಿಲ್ಲ.

೨. ಆದರೆ ಒಂದು ಬರಹ ಮಾತ್ರ ಯಾವಾಗ ತೆರೆದರೂ “ಇದೀಗ” ಎನ್ನುತ್ತ ಎಲ್ಲದರ ಮೇಲೆ ಕೂತಿತ್ತು: “ಊಟ ಚೆನ್ನಾಗಿದೆ. ಬಡಿಸಿದವರು ಒಳ್ಳೆಯವರು. ಯಜಮಾನರಿಗೆ ಹೆಂಡತಿಯ ಗುರುತು ಸಿಗುವುದಿಲ್ಲ. ಪುಷ್ಪಾವತಿ, ಸೋಣ ಸಂಕ್ರಮಣ.” ಸದರಿ ಪುಷ್ಪಾವತಿ ತಮ್ಮ ಮಾಮಿ, ನನ್ನ ಧರ್ಮಪತ್ನಿ.

೩. ಕನ್ನಡ ಓದಬಲ್ಲ ಗಿರಾಕಿಗಳು ಮೊಬೈಲ್ ನೋಡಿ, ತಲೆ ಎತ್ತಿ, ಪುಷ್ಪಾವತಿ ಯಾವ ಮೇಜಿನಲ್ಲಿದ್ದಾಳೆಂದು ಹುಡುಕತೊಡಗಿದರು. ನೆರೂಳದಿಂದ ದಿನಾ ಚಹಾಕ್ಕೆ ಬರುವ ಹರಿಶ್ಚಂದ್ರಣ್ಣ ಗಲ್ಲಾದ ಮುಂದೆ ನಿಂತು, “ಏನು ದಯಾನಂದ, ಇವತ್ತೂ ಗುರುತು ಸಿಕ್ಕಲಿಲ್ವಾ?” ಎಂದರು. ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು.

೪. ಆದ್ದರಿಂದ ಫೋನ್ ಮಾಡಿದೆ. ತಾವು, “ಮಾಮಾ, ಸೋಣ ಮತ್ಲಬ್ ಕೌನ್‌ಸಾ ಮಹೀನಾ?” ಎಂದಿರಿ. ಓದಲು ಬಾರದ ತಾರೀಕನ್ನು ಕಂಪ್ಯೂಟರ್ ಈ ಕ್ಷಣದ್ದೆಂದೇ ಹಿಡಿಯುತ್ತದಂತೆ. ಸೋಣ ಎಂದರೆ ಆಟಿಯ ನಂತರದ ತುಳು ತಿಂಗಳು, ಆಗಸ್ಟ್ ನಡುವೆ ಶುರು ಎಂದು ತಿಳಿಸಿ, ಹಿಂದಿನ ಪುಟ ನೋಡಿ ಇಸವಿ ಹೇಳಿದೆ. “ಒಂಬತ್ತು ವರ್ಷಗಳ ಹಿಂದೆ” ಎಂದು ಬಂತು. ಬರಹ ಎಲ್ಲೋ ಕೆಳಗೆ ಹೋಯಿತು.

೫. ಗೆದ್ದವನ ಹಾಗೆ ಮನೆಗೆ ಹೋಗಿ ಮೊಬೈಲನ್ನು ಪುಷ್ಪಾವತಿಯ ಮುಂದೆ ಹಿಡಿದೆ. ಆಕೆ ಅಲಸಂಡೆ ಹೆಚ್ಚುವುದನ್ನು ನಿಲ್ಲಿಸದೆ ಓದಿದಳು. “ಮಿಷಿನ್ ಮೊದಲು ಹೇಳಿದ್ದೇ ಸರಿ ಇತ್ತಲ್ಲ. ಯಾಕೆ ತಿದ್ದಿಸಿದ್ರಿ?” ಎಂದಳು. ಆಮೇಲೆ ಹೆಚ್ಚುತ್ತಲೇ ಆ ದಿನದ ಕಥೆ ಹೇಳಿದಳು.

೬. ಆ ಸಂಕ್ರಮಣದ ದಿನ ಆಕೆ ಹೊಸ್ತಿಲು ಪೂಜೆ ಮುಗಿಸಿ ನನಗಾಗಿ ಊಟಕ್ಕೆ ಕಾದಿದ್ದಳು. ನಾನು ಹೋಗಲಿಲ್ಲ. ಮೂರು ಗಂಟೆಗೆ ತಾನೇ ಹೋಟೆಲಿಗೆ ಬಂದು ನಾಲ್ಕನೇ ಮೇಜಿನಲ್ಲಿ ಕೂತು ಉಂಡಳು. ಗಲ್ಲಾದ ಮುಂದೆ ಬಂದಾಗ ನಾನು ತಲೆ ಎತ್ತದೆ, “ಊಟ ಆಯ್ತಾ ಮೇಡಂ? ಮತ್ತೆ ಬನ್ನಿ” ಎಂದೆನಂತೆ. ಆಕೆ ಪುಸ್ತಕ ಕೇಳಿ, ಬರೆದು, ಹೋದಳು. ಆಮೇಲೆ ಹೋಟೆಲಿನ ಮೆಟ್ಟಿಲು ಹತ್ತಿಲ್ಲ. ಮಂಡಿ ನೋವು ಎನ್ನುತ್ತಿದ್ದಳು, ನಾನು ನಂಬಿದ್ದೆ. ತಾವು ಏರಿಸುವವರೆಗೆ ಆ ಪುಟವನ್ನು ನಾನು ಓದಿಯೇ ಇರಲಿಲ್ಲ. ನನಗೆ ನಾಚಿಕೆಯಾಗಿದೆ ಯತಿನ್.

ಆದಕಾರಣ, ಸದರಿ ಬರಹವನ್ನು “ಇದೀಗ” ಎಂದು ಬದಲಿಸಿ ಎಲ್ಲದರ ಮೇಲೆ ಕೂರಿಸಬೇಕಾಗಿ ಕೋರುತ್ತೇನೆ. ಹರಿಶ್ಚಂದ್ರಣ್ಣ ಏನು ಬೇಕಾದರೂ ಅನ್ನಲಿ. ಬರುವ ಸೋಣ ಸಂಕ್ರಮಣಕ್ಕೆ ನಾಲ್ಕನೇ ಮೇಜು ಕಾದಿರಿಸಿದ್ದೇನೆ, ಬಡಿಸುವವನು ನಾನೇ. ಆಕೆಯನ್ನು ಕರೆದಾಗಿದೆ. “ನೋಡುವ” ಎಂದಿದ್ದಾಳೆ.

ತಮ್ಮ ವಿಶ್ವಾಸಿ ಮಾಮಾ,
ದಯಾನಂದ

ಲಗತ್ತು: ೧. ಪುಟ ೪೧ರ ಫೋಟೋ.
೨. ನಾಲ್ಕನೇ ಮೇಜಿನ ಫೋಟೋ, ಎರಡು ಬಾಳೆಲೆ ಸಹಿತ.

ವಿ.ಸೂ.: ಆಕೆ ಬಂದು ಹೊಸದಾಗಿ ಬರೆದರೆ, ಯಾವ ತಿಂಗಳ ಹೆಸರು ಹಾಕಿದರೂ ತಿದ್ದಬಾರದು. ಬಾರದಿದ್ದರೆ ಹಳೆಯದೇ “ಇದೀಗ” ಎಂದು ಇರಲಿ. ಅದರಲ್ಲಿ ಸುಳ್ಳೇನೂ ಇಲ್ಲ.