ಬಿಳಿಗಲ್ಲಿನ ಮೇಲೊಂದು ನಿಂಬೆಹೋಳು

ಶಹಾಪುರದ ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದ ಅಂಬ್ರಪ್ಪ ಆ ಭಾನುವಾರ ಮಾಡಿದ ತಪ್ಪು ಒಂದೇ. ಅವಲಕ್ಕಿಗೆ ನಿಂಬೆಹಣ್ಣು ಹಿಂಡಿ, ಹೋಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲಾಗಿಟ್ಟು ಪೇಪರ್ ಓದಲು ಕುಳಿತ. ತಾಸಿನ ನಂತರ ಎತ್ತಿ ನೋಡಿದರೆ, ಬಿಳಿ ಅಮೃತಶಿಲೆಯ ಮೇಲೆ ರೂಪಾಯಿಯಗಲ ಹೊಳಪು ಹೋಗಿತ್ತು. ಒರೆಸಿದ. ಇನ್ನೂ ಸ್ಪಷ್ಟವಾಗಿ ಕಂಡಿತು.

ಆ ಕಲ್ಲು, ಕರಿಕಲ್ಲೇ ಸಾಕೆಂದ ಅವನ ಜೊತೆ ಹದಿನೈದು ದಿನ ಮಾತು ಬಿಟ್ಟು ಹೆಂಡತಿ ದಾನೇಶ್ವರಿ ಹಾಕಿಸಿಕೊಂಡದ್ದು. ಅದರ ಮೇಲೆ ಮೊಸರಿನ ಗಡಿಗೆ ಇಟ್ಟ ತಪ್ಪಿಗೆ ಗಂಡನ ಅಕ್ಕನನ್ನೇ ಅಡುಗೆಮನೆಯಿಂದ ಹೊರಹಾಕಿದ್ದಳು. ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕಲು ದೇವಾಪುರಕ್ಕೆ ಹೋದವಳು ಸಂಜೆ ಆರಕ್ಕೆ ಬರುವವಳಿದ್ದಳು.

"ಮುಂಜಾನಿಂದ ಏನ್ ತಿಕ್ಕಾಕತ್ತಿಯೋ ತಮ್ಮಾ?" ಎಂದು ಪಕ್ಕದ ಮನೆಯ ಗೊಲ್ಲಾಳಮ್ಮ ಕಿಟಕಿಯಲ್ಲಿ ಮುಖ ಹಾಕಿದಳು. ವಿಷಯ ಕೇಳಿ ನಕ್ಕಳು. "ಹುಣಸಿಹಣ್ಣು ಹಚ್ಚಿ ತಿಕ್ಕು. ನಮ್ಮ ತಾಮ್ರದ ಕೊಡ ಬಂಗಾರ ಆಗ್ತದ, ಇದೇನ್ ಮಹಾ ಕಲ್ಲು!"

ತಾನೇ ಒಂದು ಮುಷ್ಟಿ ತಂದು ಕೊಟ್ಟಳು. ಅಂಬ್ರಪ್ಪ ತಿಕ್ಕಿದ. ರೂಪಾಯಿ ಚಪಾತಿಯಷ್ಟಾಯಿತು.

ಎದುರುಮನೆಯ ನಾಗಣ್ಣನಿಗೆ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು. ದವಾಖಾನೆಗೆ ರೋಗಿ ನೋಡಲು ಬಂದವನಂತೆ ಕೈಕಟ್ಟಿ ನಿಂತ. "ಹುಳಿ ಮ್ಯಾಲೆ ಹುಳಿ ಹಚ್ತಾರೇನೋ? ಕಲ್ಲಿಗೆ ಉಸುಕ ಬೇಕು. ಸರಿ ಅತ್ಲಾಗ."

ಉಸುಕು ಹಾಕಿ ಉಜ್ಜಿದ. ಈಗ ಚಪಾತಿಯನ್ನು ಬೆಕ್ಕು ಪರಚಿದಂತಾಯಿತು.

"ಕಲ್ಲ ಖೋಟಾ ಅದ," ಎಂದು ತೀರ್ಪು ಕೊಟ್ಟು, ಕೈ ತೊಳೆದುಕೊಂಡು ಹೋದ.

ಎರಡು ಗಂಟೆಗೆ ಅಂಬ್ರಪ್ಪ, ಕಲ್ಲಿಗೆ ಪಾಲಿಶ್ ಹಾಕುವ ಸಿಕಂದರನನ್ನು ಊಟದ ತಾಟಿನ ಮುಂದಿನಿಂದ ಎಬ್ಬಿಸಿಕೊಂಡು ಬಂದ. ಸಿಕಂದರ ಕಟ್ಟೆಯನ್ನು ಬೆರಳಿನಿಂದ ಸವರಿದ.

"ಇದು ಕಲೆ ಅಲ್ರಿ ಸಾಹೇಬ್ರ. ಹುಳಿ ಕಲ್ಲಿನ ಮ್ಯಾಲಿನ ಹೊಳಪ ತಿಂದದ. ಇಷ್ಟಕ್ಕ ಪಾಲಿಶ್ ಹೊಡದ್ರ ಉಳಿದದ್ದು ಹೊಲಸ ಕಾಣ್ತದ. ಪೂರಾ ಹೊಡೀಬೇಕು."

"ಆರರೊಳಗ ಆಗ್ತದೇನು?"

"ಆಗ್ತದ. ಮಿಕ್ಸರ್, ಡಬ್ಬಿ ನಾನೇ ತೆಗೀತೀನಿ. ನೀವು ಹೊರಗ ನಿಲ್ರಿ, ರಾಡಿ ಸಿಡೀತದ."

ಮೂರು ತಾಸು ಯಂತ್ರ ಎಮ್ಮೆಯಂತೆ ಒದರಿತು. ಐದೂವರೆಗೆ ಒಳಗೆ ಹೋದರೆ ಕಟ್ಟೆಯಲ್ಲಿ ಅಂಬ್ರಪ್ಪನ ಮುಖ ಮೀಸೆ ಸಮೇತ ಕಂಡಿತು.

"ಇನ್ನ ಹುಳಿ ತಾಕಿಸಬ್ಯಾಡ್ರಿ. ಮೆತ್ತನ ಅರಿವಿ, ಸಾಬೂನು ನೀರು, ಅಷ್ಟ ಸಾಕು," ಎಂದು ಸಿಕಂದರ ಹೊರಟ.

ದಾನೇಶ್ವರಿ ಬಂದಳು. ಕಟ್ಟೆ ನೋಡಿದಳು. ಓಡಿಹೋಗಿ ಮಿಕ್ಸರ್ ಎತ್ತಿ ಅದರಡಿ ನೋಡಿದಳು. ಆಮೇಲೆ ಅಲ್ಲೇ ನಿಂತು ಅಳತೊಡಗಿದಳು.

"ನಿಮಗ ಗೊತ್ತಾಗಿತ್ತೇನ್ರಿ? ದೀಪಾವಳಿಗೆ ಬಚ್ಚಲ ತೊಳಿಯೋ ಆ್ಯಸಿಡ್ ನಾನೇ ಇಲ್ಲಿ ಚೆಲ್ಲಿದ್ದೆ. ಕಲ್ಲು ಸುಟ್ಟಿತ್ತು. ಆರು ತಿಂಗಳಿಂದ ಮಿಕ್ಸರ್ ಇಟ್ಟು ಮುಚ್ಚಿದ್ದೆ. ಒಂದ್ ಮಾತ್ ಅನಲಾರದ ಸರಿ ಮಾಡಿಸೀರಲ್ಲ, ಇಂಥ ಗಂಡ ಯಾರಿಗೆ ಸಿಗ್ತಾನ್ರಿ!"

ಹನ್ನೆರಡು ವರ್ಷಗಳಲ್ಲಿ ಹೆಂಡತಿ ಅವನನ್ನು ಹೊಗಳಿದ್ದು ಅದೇ ಮೊದಲು. ಅಂಬ್ರಪ್ಪ ಸುಮ್ಮನಿದ್ದರೆ ಸಾಕಿತ್ತು. ಆದರೆ ಅವಳ ಕಣ್ಣೀರು ಅವನಿಂದ ನೋಡಲಾಗಲಿಲ್ಲ.

"ಅಳಬ್ಯಾಡ. ನಾನೂ ನಿಂಬಿಹಣ್ಣು ಇಟ್ಟು ಕೆಡಿಸಿದ್ದೆ," ಎಂದುಬಿಟ್ಟ.

ದಾನೇಶ್ವರಿ ಕಣ್ಣೊರೆಸಿಕೊಂಡಳು. ಬಹಳ ಬೇಗ ಒರೆಸಿಕೊಂಡಳು.

"ನಿಂಬಿಹಣ್ಣಾ?"

ಮರುದಿನ ಗೊಲ್ಲಾಳಮ್ಮನೆದುರು, ನಾಗಣ್ಣನೆದುರು, ಫೋನಿನಲ್ಲಿ ತಂಗಿಯೆದುರು ಅವಳು ಹೇಳಿದ್ದು ಒಂದೇ ಮಾತು: "ಒಂದಿನ ಮನಿ ಬಿಟ್ಟು ಹೋದ್ರ ಕಟ್ಟಿ ಹಾಳ ಮಾಡಿ ಇಟ್ಟಾರ."

ವಾರ ಕೇಳಿಸಿಕೊಂಡ ಅಂಬ್ರಪ್ಪ ಕೊನೆಗೆ ಧೈರ್ಯ ಮಾಡಿದ. "ಮತ್ತ ನಿನ್ನ ಆ್ಯಸಿಡ್?"

"ಯಾವ ಆ್ಯಸಿಡ್ರಿ?" ಎಂದಳು ದಾನೇಶ್ವರಿ.