ಗಂಬೂಟಿಲ್ಲದ ಮಂಗಳವಾರ

ಡಾಕ್ಟರ್ ಶಶಿಕಿರಣ್ ಆ ಮಂಗಳವಾರ ಗಂಬೂಟು ಹಾಕದೆ ಮನೆಯಿಂದ ಹೊರಬಿದ್ದದ್ದೇ ಎಲ್ಲಕ್ಕೂ ಮೂಲವಾಯಿತು.

ಮೂಡಿಗೆರೆಯಿಂದ ದೇವರಮನೆ ಬೆಟ್ಟದ ಕಡೆಗೆ ಹೋಗುವ ದಾರಿಯ ಆ ಊರಿಗೆ ಅವರು ದನದ ಡಾಕ್ಟರಾಗಿ ಬಂದು ಆರು ಮಳೆಗಾಲ ಕಳೆದಿತ್ತು. ಇಷ್ಟು ಕಾಲದಲ್ಲಿ ಊರಿನವರು ಅವರ ಪಾದ ಕಂಡದ್ದು ದೇವಸ್ಥಾನದ ಒಳಗೆ ಮಾತ್ರ. ಉಳಿದಂತೆ ಮೊಣಕಾಲವರೆಗಿನ ಆ ಕಪ್ಪು ಗಂಬೂಟು ಅವರಿಗೆ ಹುಟ್ಟುವಾಗಲೇ ಬಂದ ಗೊರಸೇನೋ ಎಂಬಂತೆ ಇರುತ್ತಿತ್ತು. ಅಂಥವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಳೆಯುವ ಶೂ ಹಾಕಿ ಜೀಪು ಹತ್ತಿದರೆ ಊರು ಸುಮ್ಮನಿದ್ದೀತೆ?

ಕಾಫಿ ಅಂಗಡಿಯ ಓಂಕಾರಮೂರ್ತಿ ಕೈಯಲ್ಲಿದ್ದ ಸೌಟು ಸಮೇತ ರಸ್ತೆಗೇ ಬಂದು ನಿಂತರು.

"ಎಂತ ಡಾಕ್ಟ್ರೇ, ಹೆಣ್ಣು ನೋಡೋಕಾ?"

"ಅಲ್ಲ ಮಾರಾಯ್ರೆ. ಚಿಕ್ಕಮಗಳೂರಲ್ಲಿ ಸ್ವಲ್ಪ ಕೆಲಸ."

"ಇಲಾಖೆ ಸಾಹೇಬ್ರನ್ನ ನೋಡೋದಿತ್ತಾ?"

ಶಶಿಕಿರಣ್ ಉತ್ತರಿಸಲು ಒಂದು ಗಳಿಗೆ ತಡಮಾಡಿದರು. ಆ ಒಂದು ಗಳಿಗೆ ಸಾಕಾಯಿತು. ಡಾಕ್ಟರು ವರ್ಗ ಮಾಡಿಸಿಕೊಂಡು ಹೋಗುತ್ತಿದ್ದಾರೆ ಎಂಬ ಸುದ್ದಿ ಜೀಪಿನ ಇಂಜಿನ್ನು ಬಿಸಿಯಾಗುವ ಮೊದಲೇ ಊರಿನ ಕೊನೆಯ ಮನೆ ಮುಟ್ಟಿತು.

ನಿಜ ಬೇರೆಯಿತ್ತು. ಹಲಸಿನ ಕಾಲದಲ್ಲಿ ತುಂಗಮ್ಮನ ಗೌರಿ ಎಂಬ ಹಸು ಡಾಕ್ಟರ ಕೈಯಲ್ಲೇ ಪ್ರಾಣ ಬಿಟ್ಟಿತ್ತು. ಹಸು ಬಿದ್ದಿದೆ ಎಂಬ ಕರೆ ಬಂದಾಗ ಅವರು ಓಂಕಾರಮೂರ್ತಿಯ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಲೋಟದಲ್ಲಿ ಉಳಿದಿದ್ದ ನಾಲ್ಕು ಗುಟುಕು ಮುಗಿಸಿ ಎದ್ದರು. ಅಷ್ಟೇ. ಆದರೆ ಆ ನಾಲ್ಕು ಗುಟುಕು ಅಂದಿನಿಂದ ಗಂಟಲಿನಿಂದ ಕೆಳಗಿಳಿಯಲಿಲ್ಲ. ಎಬ್ಬಿಸಿ ನಿಲ್ಲಿಸಿದ ದನಗಳ ಲೆಕ್ಕ ಮನಸ್ಸು ಇಡುವುದಿಲ್ಲ. ಮಲಗಿ ಏಳದ ಒಂದು ಹಸು ಮಾತ್ರ ಪ್ರತಿ ರಾತ್ರಿ ಕಣ್ಣೆದುರು ಬಂದು ಮಲಗುತ್ತಿತ್ತು. ಅವರು ಆ ಅಂಗಡಿಯ ಕಾಫಿ ಬಿಟ್ಟರು. ತುಂಗಮ್ಮನ ಮನೆಯೆದುರು ಹಾಯುವ ದಾರಿ ಬಿಟ್ಟು ಸುತ್ತಿ ಬಳಸಿ ಹೋಗತೊಡಗಿದರು. ನಿದ್ದೆಯಂತೂ ಅವರನ್ನೇ ಬಿಟ್ಟುಹೋಯಿತು.

ಕಳಸದಲ್ಲಿ ದನದ ಡಾಕ್ಟರಾಗಿರುವ ಗೆಳೆಯ ರುದ್ರೇಶ್ ಫೋನಿನಲ್ಲಿ ಬುದ್ಧಿ ಹೇಳಿದ್ದ. "ದನಕ್ಕೆ ಕಾಯಿಲೆ ಬಂದ್ರೆ ಓಡ್ತೀವಿ, ನಮಗೆ ಬಂದ್ರೆ ಮುಚ್ಚಿಡ್ತೀವಿ. ನಾನೂ ಹೋಗಿದ್ದೆ ಮಾರಾಯ, ನಾಚಿಕೆ ಎಂತದು? ಚಿಕ್ಕಮಗಳೂರಲ್ಲಿ ನಮ್ಮ ಸಂಘದ ಮಹಡಿ ಮೇಲೆ ಮಂಗಳವಾರ ಒಬ್ಬರು ಮೇಡಂ ಕೂತಿರ್ತಾರೆ, ದನದ ಡಾಕ್ಟರುಗಳ ಮನಸ್ಸಿನ ಕಷ್ಟ ಕೇಳೋಕೇ ಅಂತ. ಒಂದು ಗಂಟೆ. ಹೋಗಿ ಬಾಯಿಬಿಟ್ಟು ಮಾತಾಡು."

ಗೊತ್ತುಮಾಡಿಕೊಂಡ ಗಂಟೆಗಳು ಒಂದೊಂದಾಗಿ ಯಾರದೋ ಹಸುವಿನ ಹೆರಿಗೆಗೆ ಸಂದುಹೋಗಿದ್ದವು. ಈ ಮಂಗಳವಾರ ಮಾತ್ರ ತಪ್ಪಿಸಬಾರದೆಂದು ಅವರು ದೇವರಮನೆಯ ದಿಕ್ಕಿಗೆ ಕೈಮುಗಿದೇ ಹೊರಟಿದ್ದರು.

ಕೈಮುಗಿದದ್ದು ಸಾಲಲಿಲ್ಲ. ಜೀಪು ಹೊರಡುವಷ್ಟರಲ್ಲಿ ಓಂಕಾರಮೂರ್ತಿ ಮುಂದಿನ ಸೀಟಿನಲ್ಲಿದ್ದರು. "ನಂಗೂ ಪೇಟೇಲಿ ಕೆಲಸ ಇತ್ತು." ತಿರುವಿನಲ್ಲಿ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಯಾನಂದ ಅಡ್ಡ ನಿಂತು ಹಿಂದೆ ಹತ್ತಿದ. ಇನ್ನೊಂದು ತಿರುವಿನಲ್ಲಿ, ಯಾರ ಮುಖ ತಪ್ಪಿಸಲು ಡಾಕ್ಟರು ಇಷ್ಟು ದಿನ ಊರು ಸುತ್ತಿದ್ದರೋ ಆ ತುಂಗಮ್ಮನೇ ಸೆರಗು ಹೊದ್ದು ನಿಂತಿದ್ದಳು. ಅವಳೂ ಡಾಕ್ಟರ ಮುಖ ನೋಡದೆ, ಜಗಲಿ ಹತ್ತುವ ಕೂಸಿನಂತೆ ಕಷ್ಟಪಟ್ಟು ಜೀಪು ಹತ್ತಿ ಮೂಲೆ ಹಿಡಿದಳು.

ಆಲ್ದೂರು ದಾಟಿದ ಮೇಲೆ ದಯಾನಂದನಿಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ನಮ್ಮ ಧಣಿಗಳ ನಾಯಿ ಸೀನಿದ್ರೂ ನಿಮಗೆ ಫೋನ್ ಮಾಡ್ತಿದ್ನಲ್ಲ, ಅದು ನನ್ನ ಬುದ್ಧಿ ಅಲ್ಲ. ಇನ್ನು ಮಾಡೋದಿಲ್ಲ."

"ಈಗ ಯಾಕೆ ಅದು?"

"ಸುಮ್ನೆ ಹೇಳ್ದೆ."

ಓಂಕಾರಮೂರ್ತಿ ಕೆಮ್ಮಿದರು. "ನಾನೂ ಒಂದು ಹೇಳ್ತೀನಿ. ನಮ್ಮಂಗಡಿ ಕಾಫೀಲಿ ಚಿಕೋರಿ ಸ್ವಲ್ಪ ಜಾಸ್ತಿ ಆಗಿತ್ತು, ನಿಜ. ಸುತ್ತ ಕಾಫಿ ತೋಟ ಇಟ್ಕೊಂಡು ಚಿಕೋರಿ ಕುಡಿಸಿದ್ರೆ ಯಾರಿಗಾದ್ರೂ ಊರು ಬಿಡೋಣ ಅನ್ಸುತ್ತೆ. ಶಿವನಾಣೆ, ನಿಲ್ಲಿಸಿಬಿಡ್ತೀನಿ."

ಅಷ್ಟರಲ್ಲಿ ಡಾಕ್ಟರ ಫೋನು ಬಡಿದುಕೊಂಡಿತು. ಅವರು ಸ್ಟೀರಿಂಗು ಬಿಡುವ ಮೊದಲೇ ಓಂಕಾರಮೂರ್ತಿ ಅದನ್ನೆತ್ತಿ, ಅತ್ತಲಿನ ದನಿ ಜೀಪಿಗೆಲ್ಲ ಕೇಳುವಂತೆ ಹಿಡಿದರು. "ಪಶುವೈದ್ಯರ ಸಂಘದಿಂದ ಸಾರ್. ಮೂರು ಗಂಟೆಗೆ ಮೇಡಂ ಇರ್ತಾರೆ. ಮಹಡಿ ಮೇಲೆ ಬನ್ನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗಾದರೆ ವರ್ಗ ಮಾಡುವುದು ಸಾಹೇಬರಲ್ಲ, ಮೇಡಂ!

ಚಿಕ್ಕಮಗಳೂರಿನಲ್ಲಿ ಡಾಕ್ಟರು ಮೂವರನ್ನೂ ಮಾರ್ಕೆಟ್ಟಿನ ಹತ್ತಿರ ಇಳಿಸಿ, ಹೊತ್ತು ಮುಳುಗುವ ಮೊದಲು ಇಲ್ಲಿಗೇ ಬಂದಿರಿ ಎಂದು ಹೇಳಿ, ಹಾವಿನ ಬಾಯಿಂದ ಬಿಡಿಸಿಕೊಂಡ ಕಪ್ಪೆಯಂತೆ ಹಗುರಾದರು. ಜೀಪು ನಿಲ್ಲಿಸಲು ಜಾಗ ಹುಡುಕಿ, ನಡೆದು ಹೊರಟರು. ಇನ್ನೂ ಹೊತ್ತಿತ್ತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡರು. 'ಮೇಡಂ, ಒಂದು ಹಸು ಇತ್ತು...'

ಹಸು ಎದುರಿಗೇ ಬಂತು. ತಲೆಗೆ ಪೇಂಟಿನ ಬಕೆಟ್ಟು ಸಿಕ್ಕಿಸಿಕೊಂಡಿದ್ದ ಬೀಡಾಡಿ ಹಸು, ಕುರುಡು ಮದುಮಗಳಂತೆ ರಸ್ತೆ ತುಂಬ ತಡಕಾಡುತ್ತಿತ್ತು. ಸುತ್ತ ನಿಂತವರೆಲ್ಲ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದರು. ಇವತ್ತು ಬೇಡ, ಇವತ್ತು ನನ್ನ ದಿನ, ಎಂದುಕೊಂಡು ಶಶಿಕಿರಣ್ ನಾಲ್ಕು ಹೆಜ್ಜೆ ಮುಂದೆ ಹೋದರು. ಬಕೆಟ್ಟಿನೊಳಗಿಂದ ಒಂದು ಅಂಬಾ ಕೇಳಿತು. ನಾಲ್ಕು ಹೆಜ್ಜೆ ಹಿಂದೆ ಬಂದರು.

ಬಕೆಟ್ಟು ಬಿಡಿಸುವಷ್ಟರಲ್ಲಿ ಹಸು ಅವರನ್ನು ಚರಂಡಿಯವರೆಗೆ ಎಳೆದಿತ್ತು. ಬಿಡುಗಡೆಯಾದ ಸಂತೋಷಕ್ಕೆ ಅದು ಬಾಲವೆತ್ತಿತು. ಬಿಳಿ ಅಂಗಿ, ಹೊಳೆಯುವ ಶೂ ಎರಡಕ್ಕೂ ಪ್ರಸಾದ ಸಿಕ್ಕಿತು. ಗಂಬೂಟನ್ನು ಅವರು ಮೊದಲ ಸಲ ಮನಸಾರೆ ನೆನೆದರು.

ಸಂಘದ ಮೆಟ್ಟಿಲು ತಲುಪಿದಾಗ ಅಟೆಂಡರು ಮೂಗು ಮುಚ್ಚಿಕೊಂಡೇ ಹೇಳಿದ. "ನಿಮ್ಮ ಕಡೆಯೋರು ಆಗ್ಲೇ ಒಳಗೆ ಹೋದ್ರು ಸಾರ್."

"ನನ್ನ ಕಡೆಯೋರಾ?"

ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಅಳುತ್ತಿದ್ದರು. ಆಮೇಲೆ ಯಾರೋ ನಕ್ಕರು. ಮತ್ತೆ ಅಳು. ಮದುವೆ ಮನೆಯೋ ಸಾವಿನ ಮನೆಯೋ ತಿಳಿಯದ ಹಾಗಿತ್ತು. ಶಶಿಕಿರಣ್ ಮೆಟ್ಟಿಲ ಮೇಲೆ ಕುಳಿತು ತಮ್ಮ ಗಂಟೆ ಬಾಗಿಲಿನಾಚೆ ಕರಗುವುದನ್ನು ಕೇಳಿಸಿಕೊಂಡರು.

ಕೊನೆಗೆ ಬಾಗಿಲು ತೆರೆಯಿತು. ಮೂವರೂ ಗರ್ಭಗುಡಿಯಿಂದ ಹೊರಬಂದವರಂತೆ ಬೆಳಗುತ್ತಿದ್ದರು. ಹಿಂದೆ ಕನ್ನಡಕ ಹಾಕಿದ ಸುಪ್ರಿಯಾ ಮೇಡಂ.

"ನಾವು ಎಂತ ಅಂತ ತಿಳ್ಕಂಡು ಹೋಗಿದ್ವಿ, ಎಂತ ಆಯ್ತು ನೋಡಿ," ದಯಾನಂದ ಶುರುಮಾಡಿದ. "ನಮ್ಮ ಡಾಕ್ಟ್ರನ್ನ ಎಲ್ಲಿಗೂ ಹಾಕ್ಬೇಡಿ ಅಂತ ಕೈಮುಗಿದ್ವಿ. ಮೇಡಂ, ನಾನು ವರ್ಗ ಮಾಡೋಳಲ್ಲ, ಕಷ್ಟ ಕೇಳೋಳು ಅಂದ್ರು. ಕಷ್ಟ ಕೇಳ್ತೀರಾ? ಹಾಗಾದ್ರೆ ಕೇಳಿ ಅಂತ ಓಂಕಾರಣ್ಣ ಕುರ್ಚಿ ಎಳ್ಕಂಡೇ ಬಿಟ್ರು. ಹುಟ್ಟಿದಾಗಿನಿಂದ ಯಾರೂ ನನ್ನ ಮಾತನ್ನ ಪೂರ್ತಿ ಕೇಳಿರ್ಲಿಲ್ಲ ಡಾಕ್ಟ್ರೇ!"

ಮೇಡಂ ಡಾಕ್ಟರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ನೀವು ಯಾಕೆ ಬರೋರಿದ್ರಿ ಅಂತ ನಾನು ಹೇಳಿಲ್ಲ. ಆದ್ರೆ ನಿಮ್ಮ ಗಂಟೆ ಮುಗೀತು, ಇನ್ನೊಬ್ಬರು ಬಂದು ಕಾಯ್ತಿದ್ದಾರೆ. ಮುಂದಿನ ಮಂಗಳವಾರ ಬರ್ತೀರಾ?"

ಶಶಿಕಿರಣ್ ಬಾಯಿ ತೆರೆಯುವ ಮೊದಲು ತುಂಗಮ್ಮ ಮೆಲ್ಲಗೆ ಕೇಳಿದಳು. "ಆ ಮಂಗಳವಾರ ನಂಗೆ ಬಿಟ್ಕೊಡ್ತೀರಾ ಡಾಕ್ಟ್ರೇ? ನಂದಿನ್ನೂ ಅರ್ಧ ಉಳೀತು."

ಆರು ಮಳೆಗಾಲ ಯಾರು ಏನು ಕೇಳಿದರೂ ಹೇಳಿ ಅಭ್ಯಾಸವಾದ ನಾಲಿಗೆ ತನ್ನಷ್ಟಕ್ಕೇ ಹೇಳಿತು. "ಆಗ್ಲಿ."

"ಅದರ ಮುಂದಿಂದು ನಂಗೆ," ಎಂದ ದಯಾನಂದ.

"ಆಗ್ಲಿ."

"ಮತ್ತಿಂದು ನಂದು," ಎಂದರು ಓಂಕಾರಮೂರ್ತಿ.

"ಆಗ್ಲಿ."

ಸುಪ್ರಿಯಾ ಮೇಡಂ ಕನ್ನಡಕ ತೆಗೆದು ಒರೆಸಿದರು. "ಡಾಕ್ಟ್ರೇ, ಇಲ್ಲ ಅನ್ನೋದು ಹೇಗೆ ಅಂತ ನಾವಿಬ್ರೂ ಕೂತು ಮಾತಾಡ್ಬೇಕು. ಆದ್ರೆ ಈಗ ನಿಮ್ಮ ಸರದಿ ಸಂಕ್ರಾಂತಿ ಆದ್ಮೇಲೇ!"

ವಾಪಸು ಬರುವಾಗ ವಸ್ತಾರೆ ದಾಟಿದ ಮೇಲೆ ಜೀಪಿನ ಮೂಲೆಯಿಂದ ತುಂಗಮ್ಮನ ದನಿ ಬಂತು.

"ಗೌರಿ ಎಂತ ತಿಂದಿತ್ತು ಅಂತ ನೀವು ಕೇಳಿದ್ರಿ. ಹುಲ್ಲು ಅಂದೆ. ಸುಳ್ಳು. ಹಲಸಿನ ಹಣ್ಣಿನ ಸಿಪ್ಪೆ ಬುಟ್ಟಿಗಟ್ಟಲೆ ಹಾಕಿದ್ದೆ, ಬೆಳಿಗ್ಗೇನೇ. ಅದೇ ಹೊಟ್ಟೆ ಕೆಡಿಸಿದ್ದು. ಆಸೆಯಿಂದ ತಿಂತಿತ್ತು, ನೋಡೋಕೆ ಚಂದ ಕಾಣ್ತಿತ್ತು. ಬೈತೀರಿ ಅಂತ ಹೇಳ್ಲಿಲ್ಲ. ನಿಮ್ಮ ಜೀಪು ಕಂಡ್ರೆ ಒಳಗೆ ಹೋಗಿ ಕೂರ್ತಿದ್ದೆ. ನನ್ನ ದೆಸೆಯಿಂದ ನೀವು ಊರು ಬಿಡ್ತೀರಿ ಅಂತ ಇವತ್ತು ಬಂದೆ."

ಶಶಿಕಿರಣ್ ಜೀಪನ್ನು ಬದಿಗೆ ನಿಲ್ಲಿಸಿದರು. ಮುಂದೆ ನೋಡುತ್ತಲೇ ಹೇಳಿದರು. "ನಾನು ಅವತ್ತು ಕಾಫಿ ಮುಗಿಸಿ ಬಂದೆ ತುಂಗಮ್ಮ. ಫೋನ್ ಬಂದ ಕೂಡ್ಲೇ ಎದ್ದು ಬರ್ಲಿಲ್ಲ. ನಾಲ್ಕು ಗುಟುಕಿತ್ತು."

ತುಂಗಮ್ಮ ಮೂಲೆಯಿಂದ ಮುಂದಕ್ಕೆ ಬಾಗಿದಳು. "ಡಾಕ್ಟ್ರು ನಾಲ್ಕು ಗುಟುಕು ಕಾಫಿ ಕುಡಿದ್ರೆ ಹಸು ಸಾಯುತ್ತೆ ಅನ್ನೋದಾದ್ರೆ, ಈ ಜಿಲ್ಲೇಲಿ ಒಂದು ಹಸುವೂ ಉಳೀತಿರ್ಲಿಲ್ಲ ಮಾರಾಯ್ರೆ."

ದಯಾನಂದ ನಗಬೇಕೋ ಬೇಡವೋ ತಿಳಿಯದೆ ಹೊರಗೆ ನೋಡಿದ. ಓಂಕಾರಮೂರ್ತಿ ಮಾತ್ರ ಗಂಭೀರವಾಗಿದ್ದರು. "ವಿಷ ಕುಡಿದ ಪರಮೇಶ್ವರನಿಗೂ ಗಂಟಲು ಹಿಡಿಯೋಕೆ ಪಾರ್ವತಿ ಬೇಕಾಯ್ತು. ಒಬ್ಬನೇ ನುಂಗೋಕೆ ನೀವ್ಯಾರು ಡಾಕ್ಟ್ರೇ?" ಆಮೇಲೆ ಏನೋ ಹೊಳೆದಂತೆ ಅವರ ಮುಖ ಅರಳಿತು. "ಅಂದ್ರೆ... ನೀವು ನಮ್ಮಂಗಡಿ ಬಿಟ್ಟಿದ್ದು ಚಿಕೋರಿಗಲ್ಲ?"

"ಅಲ್ಲ."

"ಶಿವ ಶಿವಾ! ಬದುಕಿದೆ!"

ಊರು ಮುಟ್ಟಿದಾಗ ಮುಸ್ಸಂಜೆ. ಅಂಗಡಿಯ ಮುಂದೆ ಜನ ಸೇರಿತ್ತು. ಒಬ್ಬರ ಕೈಯಲ್ಲೂ ಹಗ್ಗವಿಲ್ಲ, ಹಗ್ಗದ ತುದಿಗೆ ದನವಿಲ್ಲ. ಓಂಕಾರಮೂರ್ತಿ ದಾರಿಯಿಂದಲೇ ಫೋನು ಮಾಡಿ, ಮಂಗಳವಾರ ಮಂಗಳವಾರ ಡಾಕ್ಟರು ಜೀಪಿನಲ್ಲಿ ಕರೆದೊಯ್ದು ಮೇಡಂ ಮುಂದೆ ಕಷ್ಟ ಹೇಳಿಸಿ ಕರೆತರುತ್ತಾರೆ ಎಂದು ಸಾರಿಬಿಟ್ಟಿದ್ದರು. ಅತ್ತೆಯ ಕಷ್ಟದವರು, ಸೊಸೆಯ ಕಷ್ಟದವರು, ಬೇಲಿ ಜಗಳದವರು ಎಲ್ಲ ಜೀಪನ್ನು ಸುತ್ತುವರಿದರು. "ನಮ್ಮ ಸರದಿ ಯಾವಾಗ ಡಾಕ್ಟ್ರೇ?"

"ಮೊದ್ಲು ಅವರಿಗೆ ಕೂರೋಕೆ ಬಿಡ್ರೋ," ತುಂಗಮ್ಮ ಗದರಿಸಿದಳು. ಬೆಂಚು ಖಾಲಿಯಾಯಿತು. ಶಶಿಕಿರಣ್ ಕುಳಿತರು. ಓಂಕಾರಮೂರ್ತಿ ಹಬೆಯಾಡುವ ಲೋಟ ತಂದಿಟ್ಟರು.

ಲೋಟ ತುಟಿಗೆ ಮುಟ್ಟುವ ಹೊತ್ತಿಗೆ ಫೋನು ಬಡಿದುಕೊಂಡಿತು. ಯಾರದೋ ಎಮ್ಮೆ ಮೇವು ಬಿಟ್ಟಿತ್ತು. ಡಾಕ್ಟರ ಕೈ ನಿಂತಿತು, ಲೋಟ ಕೆಳಗಿಳಿಯತೊಡಗಿತು. ತುಂಗಮ್ಮ ಎದುರಿಗೆ ಬಂದು ನಿಂತಳು.

"ಕುಡೀರಿ. ಕುಡಿದೇ ಏಳಿ. ನಾನು ನೋಡ್ತಾ ನಿಂತಿರ್ತೀನಿ."

ಅವರು ಅವಳ ಕಣ್ಣೆದುರಿಗೇ ನಾಲ್ಕು ಗುಟುಕು ಕುಡಿದರು. ನಾಲ್ಕೂ ಗಂಟಲಿನಿಂದ ಕೆಳಗಿಳಿದವು. ಒಳಗೆ ಎಲ್ಲೋ ಮಲಗಿದ್ದ ಒಂದು ಹಸು ಮೆಲ್ಲಗೆ ಮಗ್ಗುಲು ಬದಲಿಸಿದಂತಾಯಿತು.

"ಹೆಂಗಿದೆ ಡಾಕ್ಟ್ರೇ?" ಓಂಕಾರಮೂರ್ತಿ ಕೈಕಟ್ಟಿ ಕೇಳಿದರು.

ಶಶಿಕಿರಣ್ ಲೋಟದ ತಳ ನೋಡಿದರು. ಶಿವನಾಣೆ ಮಾಡಿದ ಮನುಷ್ಯನ ಮುಖ ನೋಡಿದರು. ಆ ಕಾಫಿಯಲ್ಲಿ ಕಾಫಿಯೇ ಇರಲಿಲ್ಲ, ಇದ್ದದ್ದೆಲ್ಲ ಚಿಕೋರಿ.

"ಇನ್ನೊಂದು ಲೋಟ ಕೊಡ್ಲಾ?"

ಇಲ್ಲ ಅನ್ನುವುದು ಹೇಗೆಂದು ಕಲಿಯಲು ಇನ್ನೂ ಸಂಕ್ರಾಂತಿ ಆಗಬೇಕಿತ್ತು.

"ಆಗ್ಲಿ," ಎಂದರು ಡಾಕ್ಟರು.