ಗಂಡಿನ ಕಡೆಯವರಿಗೆ ಮಾತ್ರ ಖಾಲಿ ಇರುವ ರೂಮಿನ ಕುರಿತು

ಬಣಕಲ್ ಸಮೀಪದ 'ಮಂಜಿನ ಮಡಿಲು' ಹೋಮ್‌ಸ್ಟೇಯ ಮಾಲೀಕರೂ, ಕಾಫಿ ಬೆಳೆಗಾರರೂ, ಅತಿಥಿ ಸತ್ಕಾರದಲ್ಲಿ ಎತ್ತಿದ ಕೈ ಎಂದು ತಮ್ಮ ಬೋರ್ಡಿನಲ್ಲಿ ತಾವೇ ಬರೆಸಿಕೊಂಡಿರುವವರೂ ಆದ ಶ್ರೀಯುತ ಷಡಕ್ಷರಿಯವರ ಸನ್ನಿಧಾನಕ್ಕೆ, ಕಡೂರಿನ ದಿನಸಿ ಅಂಗಡಿಯ ಸೊಸೆ ಕೃತಿಕಾ ಕೈಮುಗಿದು ಮಾಡುವ ಬಹಿರಂಗ ಅರಿಕೆ.

ಮಾನ್ಯರೇ,

ತಾವು, ತಮ್ಮ ಕುಟುಂಬದವರು, ತಮ್ಮ ರೋಬಸ್ಟಾ ಗಿಡಗಳು, ಗೇಟಿನ ಬಳಿ ನಮ್ಮನ್ನು ಕಂಡು ಬಾಲ ಅಲ್ಲಾಡಿಸಿದ ತಮ್ಮ ಆ ಕಂದು ನಾಯಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಸಂಸ್ಥೆಯ ಪರವಾಗಿ ನಮಗೆ ಸಿಕ್ಕ ಏಕೈಕ ಸ್ವಾಗತ ಆ ನಾಯಿಯದೇ ಆದ್ದರಿಂದ ಅದರ ಕ್ಷೇಮವನ್ನು ವಿಶೇಷವಾಗಿ ವಿಚಾರಿಸಿದ್ದೇನೆ ಎಂದು ತಿಳಿಸುವುದು.

ಈ ಪತ್ರಕ್ಕೆ ಕಾರಣ ಇಷ್ಟೇ. ಮೊನ್ನೆ ನನ್ನ ಮೊಬೈಲಿಗೆ ಬಂದ ಸಂದೇಶದಲ್ಲಿ ತಾವು ನನ್ನ ಬುಕಿಂಗಿನ ಮುಂದೆ 'ಅತಿಥಿಗಳು ಬರಲೇ ಇಲ್ಲ' ಎಂದು ನಮೂದಿಸಿರುವುದನ್ನು ಕಂಡೆ. ಬಾರದವರನ್ನು ಬಂದರು ಎನ್ನುವ ಸುಳ್ಳು ಯಾರಿಗಾದರೂ ಸಾಧ್ಯ, ಆದರೆ ಗೇಟಿನವರೆಗೆ ಬಂದವರನ್ನು, ಆಮೇಲೆ ತಾವೇ ಕಾಲಿಗೆರಗಿ ಉಪಚರಿಸಿದವರನ್ನು, ಬರಲೇ ಇಲ್ಲ ಎನ್ನುವುದಕ್ಕೆ ತಮ್ಮಂಥ ದೊಡ್ಡ ಮನಸ್ಸು ಬೇಕು. ಆ ಮನಸ್ಸಿನ ಪರಿಚಯ ನಾಡಿಗೆಲ್ಲ ಆಗಲಿ ಎಂಬ ಒಂದೇ ಸದುದ್ದೇಶದಿಂದ ನಡೆದದ್ದನ್ನು ಮೊದಲಿನಿಂದ ನಿವೇದಿಸುತ್ತೇನೆ.

ನನ್ನ ಅತ್ತೆ ಬಸಮ್ಮನವರು ನಮ್ಮ ಅಂಗಡಿಯ ಬಾಗಿಲಿನಿಂದ ತಮ್ಮ ಕಡೆಯ ಬೆಟ್ಟಗಳನ್ನು ನೀಲಿ ಗೆರೆಯಾಗಿ ನೋಡುತ್ತಲೇ ಕೂದಲು ನೆರೆದವರು. ಮಾವನವರು ಇದ್ದಾಗ ಎಲ್ಲಿಗೆ ಹೋದರೂ ಸಂಜೆ ಅಂಗಡಿಗೆ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರಬೇಕಿತ್ತು. ಒಮ್ಮೆ ಹೊರನಾಡಿಗೆ ಹೋದವರು ಪ್ರಸಾದ ಉಂಡು, ಕೈ ಒದ್ದೆ ಇರುವಾಗಲೇ ಬಸ್ಸು ಹತ್ತಿದ್ದರಂತೆ. ಈ ವರ್ಷ ಒಂದು ದಿನ ಬೇಳೆ ಆರಿಸುತ್ತ ಕೂತವರು ಇದ್ದಕ್ಕಿದ್ದಂತೆ, "ಬೆಟ್ಟದಲ್ಲಿ ಒಂದ್ಸಲ ಮಲಗಿ ಏಳ್ಬೇಕು ಕಣೇ ಕೃತಿಕಾ, ಅಲ್ಲಿ ಹೆಂಗೆ ಬೆಳಕಾಗುತ್ತೋ ನೋಡ್ಬೇಕು" ಅಂದರು. ನನ್ನ ಗಂಡ ಶಶಿಕಿರಣ್ ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ, "ಸುಮ್ನೆ ಅಮ್ಮನ್ನ ಕರ್ಕೊಂಡ್ ಹೋಗಿ ಬೀದೀಲಿ ಮಲಗಿಸ್ಬೇಡ" ಎಂದು ಆಶೀರ್ವದಿಸಿದರು. ನಮ್ಮಂಥವರ ಕೈಗೆಟುಕುವ ಜಾಗ ಹುಡುಕುವಾಗ ಕಂಡದ್ದೇ ತಮ್ಮ ಜಾಹೀರಾತು: 'ಬೆನ್ನಿಗೊಂದು ಚೀಲ, ಮನಸ್ಸಿಗೊಂದು ಆಸೆ. ಇಷ್ಟಿದ್ದರೆ ಸಾಕು, ಬನ್ನಿ.' ನಮ್ಮಲ್ಲಿ ಎರಡೂ ಇದ್ದವು. ಅತ್ತೆಯವರು ನನ್ನ ಕಾಲೇಜಿನ ಬೆನ್ನುಚೀಲ ಏರಿಸಿ, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿ, ಕಿವಿ ಮುಚ್ಚುವ ಟೋಪಿ ತೊಟ್ಟು ಹೊರಟ ಬೆಳಿಗ್ಗೆ ನಮ್ಮ ಬೀದಿಯ ಅರ್ಧ ಜನ ಬಾಗಿಲಿಗೆ ಬಂದು ನಿಂತಿದ್ದರು.

ಬಣಕಲ್ಲಿನಲ್ಲಿ ಬಸ್ಸಿಳಿದು, ಆಟೋದವನು ಇನ್ನು ಮೇಲಕ್ಕೆ ಹತ್ತುವುದಿಲ್ಲ ಎಂದಲ್ಲಿಂದ ನಡೆದು, ಮಧ್ಯಾಹ್ನ ಇಳಿಯುವ ಹೊತ್ತಿಗೆ ತಮ್ಮ ಗೇಟು ಮುಟ್ಟಿದೆವು. ತಮ್ಮ ತೋಟದ ಲೆಕ್ಕ ಬರೆಯುವ ರೈಟರ್ ದಿಲೀಪ್ ಎಂಬ ವಿನಯವಂತರು ನಮ್ಮನ್ನು ಮೇಲಿಂದ ಕೆಳಗೆ ನೋಡಿ ತಮಗೆ ಫೋನು ಮಾಡಿದರು. ಅವರ ಫೋನಿನ ಸ್ಪೀಕರ್ ತೆರೆದೇ ಇತ್ತೆಂಬುದು ತಮಗೆ ಈವರೆಗೆ ತಿಳಿದಿರಲಾರದು.

"ಇಬ್ರೂ ಹೆಂಗಸ್ರಾ? ಜೊತೆಗೆ ಗಂಡಸ್ರಿಲ್ವಾ?" ಎಂದಿರಿ ತಾವು.

"ಇಲ್ಲ ಸಾರ್. ಒಬ್ರಿಗೆ ವಯಸ್ಸಾಗಿದೆ."

"ಬೇಡ ಮಾರಾಯ. ಏನಾದ್ರೂ ಆದ್ರೆ ಯಾರು ನೋಡೋದು? ರೂಂ ಫುಲ್ ಅಂದ್ಬಿಡು."

ದಿಲೀಪ್ ಅವರು ಫೋನು ಜೇಬಿಗಿಟ್ಟು, ಆ ಸುದ್ದಿಯನ್ನು ನಾವು ಅವರ ಬಾಯಿಂದಲೇ ಮೊದಲು ಕೇಳುತ್ತಿದ್ದೇವೆಂಬ ಗಾಂಭೀರ್ಯದಲ್ಲಿ, "ರೂಂ ಫುಲ್ಲಾಗಿದೆ ಮೇಡಂ, ಸೂಜಿ ಇಡಕ್ಕೂ ಜಾಗ ಇಲ್ಲ" ಎಂದರು. ನಾನು ಬುಕಿಂಗ್ ತೋರಿಸಿದೆ. ಅವರು ಆಕಾಶ ತೋರಿಸಿದರು, ನೆಟ್‌ವರ್ಕ್ ಇಲ್ಲವಂತೆ.

ಮತ್ತೆ ಬಣಕಲ್ಲಿಗೆ ಇಳಿದು ಬಂದರೆ, ಹೆದ್ದಾರಿ ಪಕ್ಕದ ಒಂದು ಲಾಡ್ಜಿನಲ್ಲೂ ತಮ್ಮದೇ ತತ್ವಶಾಸ್ತ್ರ ಜಾರಿಯಲ್ಲಿತ್ತು. ಅಲ್ಲಿನ ಮ್ಯಾನೇಜರು, "ಬರೀ ಲೇಡೀಸ್‌ಗೆ ಕೊಡಲ್ಲ, ಗಂಡಸ್ರು ಯಾರಾದ್ರೂ ಇದ್ರೆ ಕರೀರಿ" ಎಂದಾಗ ಅತ್ತೆ, "ನಮ್ಮನೆ ಗಂಡಸ್ರಲ್ಲಿ ಒಬ್ರು ಫೋಟೋದಲ್ಲಿದಾರೆ, ಇನ್ನೊಬ್ಬ ಗಲ್ಲಾಪೆಟ್ಟಿಗೆ ಮುಂದೆ ಕೂತಿದಾನೆ. ಯಾರನ್ನ ಕರೀಲಪ್ಪ?" ಎಂದರು. ಮ್ಯಾನೇಜರು ರಿಜಿಸ್ಟರ್ ಮುಚ್ಚಿದರು. ಅತ್ತೆ ನಗುತ್ತಲೇ ಹೊರಬಂದರಾದರೂ, ರಸ್ತೆ ದಾಟುವಾಗ ನನ್ನ ಕೈ ಹಿಡಿದು, "ಸಾಕು ನಡಿ, ಮನೆಗೋಗಣ" ಅಂದರು. ಮಾನ್ಯರೇ, ಅಂಗಡಿಗೆ ಬಂದು ಸಾಮಾನು ಸಾಲ ಕೇಳಿದ ಪೊಲೀಸಿನವರ ಎದುರಿಗೂ ತಗ್ಗದ ಅವರ ದನಿ ಅಲ್ಲಿ ತಗ್ಗಿದ್ದನ್ನು ಕೇಳಿದೆ. ಈಗ ಮನೆಗೆ ಹೋದರೆ ಇವರು ಇನ್ನೆಂದೂ ಹೊಸಿಲು ದಾಟುವುದಿಲ್ಲ ಎಂದು ನನಗೆ ಗೊತ್ತಾಯಿತು. ತಮ್ಮ ಸೇವೆಯಲ್ಲಿ ನನಗೆ ಹಾಸ್ಯವಾಗಿ ಕಾಣದ ಭಾಗವೇನಾದರೂ ಇದ್ದರೆ ಅದು ಇದೊಂದೇ.

ಚಿಕ್ಕಮಗಳೂರಿನ ಬಸ್ಸಿಗೆ ಕಾಯುತ್ತ ಕಲ್ಯಾಣ ಮಂಟಪವೊಂದರ ಮುಂದೆ ನಿಂತೆವು. ಒಳಗೆ ವರಪೂಜೆಯ ಸಿದ್ಧತೆ ನಡೆದಿತ್ತು. ಅತ್ತೆಯವರು ಟೋಪಿ ತೆಗೆದು, ನಲ್ಲಿಯಲ್ಲಿ ಮುಖ ತೊಳೆದು, ಸಂಜೆಯಾಯಿತೆಂದು ಹಣೆಗೆ ವಿಭೂತಿ ಹಚ್ಚಿಕೊಂಡದ್ದೇ ತಡ, ರೇಷ್ಮೆ ಸೀರೆಯ ಹೆಂಗಸೊಬ್ಬರು ಓಡಿಬಂದು, "ಅಯ್ಯೋ ಅಮ್ಮಾ, ಹೊರಗೇ ನಿಂತ್ರಲ್ಲ!" ಎಂದರು. ಅವರು ಮದುಮಗಳ ತಾಯಿ, ತಮ್ಮ ಅಕ್ಕ ರೇವತಿಯವರು ಎಂದು ನಮಗೇನು ಗೊತ್ತು?

"ನಾವು ಬಸ್ಸಿಗೆ ಕಾಯ್ತಿದೀವಿ" ಎಂದೆ ನಾನು, ಸತ್ಯವನ್ನೇ.

"ದಿಬ್ಬಣದ ಬಸ್ಸು ಇನ್ನೂ ಬಂದಿಲ್ಲ, ನೀವು ಮುಂಚೆ ಬಂದ್ರಾ? ಬನ್ನಿ ಬನ್ನಿ" ಎಂದು ಅವರು ಚೀಲಗಳನ್ನು ಕಿತ್ತುಕೊಂಡರು. ಗಂಡಿನ ಕಡೆಯವರು ಬೀರೂರಿನವರಂತೆ. ಅತ್ತೆಯವರ ಬಯಲುಸೀಮೆ ಮಾತು, ಹಣೆಯ ವಿಭೂತಿ, ಎರಡೂ ನಮ್ಮ ವಿರುದ್ಧ ಸಾಕ್ಷಿ ಹೇಳಿದವು. ನಾನು ಬಾಯಿ ತೆರೆದಾಗಲೆಲ್ಲ ಯಾರಾದರೂ ಒಬ್ಬರು ಅದರೊಳಗೆ ಬಿಸಿ ವಡೆ ಇಡುತ್ತಿದ್ದರು. ಅಷ್ಟರಲ್ಲಿ ನಮ್ಮ ನಿಜವಾದ ಬಸ್ಸು ಹಾರನ್ನು ಹೊಡೆಯುತ್ತ ಹಾದುಹೋಯಿತು.

ಆಗ ಮದುಮಗಳ ಸೋದರಮಾವನಾಗಿ, ಪಂಚೆ ಶಲ್ಯಗಳಲ್ಲಿ ತಾವು ದರ್ಶನ ಕೊಟ್ಟಿರಿ. ರೇವತಿಯವರು 'ಇವನು ನನ್ನ ತಮ್ಮ ಷಡಕ್ಷರಿ' ಎಂದು ಪರಿಚಯಿಸಿದರು, ತಾವು ಅತ್ತೆಯವರ ಕಾಲು ಮುಟ್ಟಿದಿರಿ. ತಾವು ಬಾಯಿ ಬಿಟ್ಟೊಡನೆ ಫೋನಿನ ಆ ದನಿಯ ಗುರುತು ನಮಗಿಬ್ಬರಿಗೂ ಸಿಕ್ಕಿತು.

"ಅಜ್ಜೀ, ನೀವು ಇಲ್ಲಿ ಜಮಖಾನದ ಮೇಲೆ ಮಲಗೋದು ಅಂದ್ರೇನು? ನಮ್ಮ ಹೋಮ್‌ಸ್ಟೇ ಇಲ್ಲೇ ಮೇಲಿದೆ. ಒಂದು ರೂಂ ಖಾಲೀನೇ ಬಿದ್ದಿದೆ" ಎಂದಿರಿ.

"ನನ್ ಜೊತೆ ಸೊಸೆ ಒಬ್ಳೇ ಇರೋದು. ಗಂಡಸ್ರಿಲ್ಲ ಕಣಪ್ಪ" ಎಂದರು ಅತ್ತೆ.

"ಅದಕ್ಕೇನಂತೆ?"

"ವಯಸ್ಸಾಗಿದೆ. ಏನಾದ್ರೂ ಆದ್ರೆ?"

"ಏನಾಗುತ್ತಜ್ಜಿ! ನೋಡ್ಕೊಳ್ಳಕ್ಕೆ ನಾನಿಲ್ವಾ?"

ಈ ಮೂರು ಮಾತುಗಳಲ್ಲಿ ತಾವು ಪ್ರದರ್ಶಿಸಿದ ಉದಾರತೆಯನ್ನು ಪ್ರವಾಸೋದ್ಯಮದವರು ಪಾಠವಾಗಿ ಕಲಿಸಬೇಕೆಂದು ನನ್ನ ಅಭಿಪ್ರಾಯ. ನನಗೋ ಹೂಂ ಅನ್ನುವ ಆಸೆ ಇತ್ತು, ಮುಚ್ಚಿಡುವುದಿಲ್ಲ. ಅತ್ತೆಯವರು ಮಾತ್ರ ಎದ್ದು ನಿಂತು, ತಮ್ಮನ್ನಲ್ಲ, ತಮ್ಮ ಅಕ್ಕನವರನ್ನು ನೋಡುತ್ತ ಹೇಳಿದರು: "ತಪ್ಪು ತಿಳ್ಕೋಬೇಡ ತಾಯಿ. ನಾವು ಗಂಡಿನ ಕಡೆಯವ್ರಲ್ಲ. ಇವರ ಬುಕಿಂಗ್ ಕಡೆಯವ್ರು. ಮಧ್ಯಾಹ್ನ ಇವರ ಗೇಟಿಂದ ವಾಪಸ್ ಕಳಿಸಿದ್ರು. ಬಸ್ಸಿಗೆ ನಿಂತಿದ್ವಿ, ನೀವು ಕೈ ಹಿಡಿದು ಕರೆದ್ರಿ. ಕಾಫಿ ಕುಡಿದುಬಿಟ್ಟೆ, ಅದೊಂದು ತಪ್ಪು ನಂದೇ."

ವಾಲಗದವರು ಸಹ ಅದೇ ಕ್ಷಣದಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದು ತಮ್ಮ ದುರದೃಷ್ಟ. ರೇವತಿಯವರು ತಮ್ಮನ್ನೊಮ್ಮೆ ನೋಡಿದರು. "ರೂಂ ಖಾಲಿ ಇತ್ತೇನೋ?" ಎಂದಷ್ಟೇ ಕೇಳಿದರು. ಹೊರಗೆ ದಿಬ್ಬಣದ ಬಸ್ಸು ಬಂದ ಸದ್ದಾಯಿತು, ತಾವು ಅದನ್ನು ಎದುರುಗೊಳ್ಳಲು ತೋರಿದ ವೇಗವನ್ನು ಆ ವಯಸ್ಸಿನವರಲ್ಲಿ ನಾನು ಕಂಡಿಲ್ಲ. ಅತ್ತೆ ಚೀಲಕ್ಕೆ ಕೈಹಾಕಿದರು. ರೇವತಿಯವರು ಅದನ್ನು ಕಸಿದು ಮತ್ತೆ ಗೋಡೆಗೊರಗಿಸಿ, "ಗಂಡಿನ ಕಡೆಯವ್ರಲ್ಲ ಅಂದ್ರೆ ಇನ್ನೂ ಒಳ್ಳೇದಾಯ್ತು ಬಿಡಿ, ತಕರಾರು ತೆಗೆಯಲ್ಲ. ಊಟ ಮಾಡಿ ಇಲ್ಲೇ ಮಲಗಿ" ಎಂದರು. ಅತ್ತೆಯವರಿಗೆ ಕಣ್ಣು ತುಂಬಿತು. ಅವರು ಅದರ ತಪ್ಪನ್ನು ವಡೆಯ ಮೆಣಸಿನಕಾಯಿಯ ಮೇಲೆ ಹಾಕಿದರು.

ಆಮೇಲಿನದು ತಮಗೆ ಅರ್ಧ ಗೊತ್ತು. ಬೀರೂರಿನಿಂದ ಬಂದ, ಮದುಮಗನ ನಿಜವಾದ ಅಜ್ಜಿ ತಮ್ಮ ರೂಮಿನ ವರ್ಣನೆಯನ್ನೆಲ್ಲ ಕೇಳಿ, "ಜನ ಬಿಟ್ಟು ಅಷ್ಟು ದೂರ ಯಾರಪ್ಪಾ ಹೋಗ್ತಾರೆ" ಎಂದು ನಮ್ಮ ಜಮಖಾನಕ್ಕೇ ಬಂದರು. ತಮ್ಮ ರೂಮು ಅಂದು ಸೂಜಿಯೂ ಇಲ್ಲದೆ ಖಾಲಿಯೇ ಉಳಿಯಿತು. ಬೆಳಿಗ್ಗೆ ಮುದುಕಿಯರಿಬ್ಬರೂ ಮಂಟಪದ ತಾರಸಿಯ ಮೇಲಿದ್ದರು. ಕೈಯಲ್ಲಿ ಅಡುಗೆಯವರ ಕಾಫಿ. ಬೆಟ್ಟಗಳು ಮೊದಲು ಕಪ್ಪಗೆ, ಆಮೇಲೆ ಹಸುರಾಗಿ ಹೊರಬಂದವು. "ಹತ್ರದಿಂದ ನೀಲಿ ಅಲ್ಲವೇ ಅಲ್ಲ ನೋಡೇ!" ಎಂದು ಅತ್ತೆ ನನ್ನನ್ನು ಕೂಗಿ ಕರೆದರು. ಆ ದನಿ ಕೆಳಗೆ ಅಡುಗೆಮನೆಗೂ ಕೇಳಿಸಿತು.

ಆದ್ದರಿಂದ ಮಾನ್ಯರಲ್ಲಿ ಕೆಲವು ಸಣ್ಣ ವಿನಂತಿಗಳು. ತಮ್ಮ ಜಾಹೀರಾತಿನಲ್ಲಿ ಚೀಲ, ಆಸೆಗಳ ಜೊತೆಗೆ 'ಒಬ್ಬ ಗಂಡಸು' ಎಂದೂ ಸೇರಿಸಿದರೆ ಹೊತ್ತು ತರಲು ಅನುಕೂಲ. ಗಂಡಸಿಲ್ಲದೆ ಬರುವ ಹೆಂಗಸರಿಗಾಗಿ ತಮ್ಮ ಗೇಟಿನಲ್ಲಿ ಬಾಡಿಗೆ ಗಂಡಸರನ್ನು ಇಡಬಹುದು, ಮೂಲೆಯಲ್ಲಿ ಕೂತು ಕೆಮ್ಮುವಂಥವರಾದರೂ ಸಾಕು. ಅದೂ ಆಗದಿದ್ದರೆ ವರ್ಷದ ಪ್ರತಿ ಸಂಜೆಯೂ ಬಣಕಲ್ಲಿನಲ್ಲಿ ತಮ್ಮ ಮನೆತನದ ಒಂದು ಮದುವೆ ನಡೆಯುವಂತೆ ಏರ್ಪಾಡು ಮಾಡಿದರೆ, ನಾಡಿನ ಬಡ ಪ್ರವಾಸಿಗರೆಲ್ಲ ತಮ್ಮ ಅಕ್ಕನವರ ಹೆಸರು ಹೇಳಿ ನಿದ್ದೆ ಮಾಡುತ್ತಾರೆ. ಇವೆಲ್ಲ ಕಷ್ಟವೆನಿಸಿದಲ್ಲಿ, 'ಬರಲೇ ಇಲ್ಲ' ಎಂಬುದನ್ನು ಅಳಿಸಿ 'ಬಂದಿದ್ದರು, ನಾನೇ ಸೇರಿಸಲಿಲ್ಲ' ಎಂದು ಬರೆಯುವ ಕೃಪೆ ಮಾಡಬೇಕು.

ತಮ್ಮ ವಿಶ್ವಾಸಿಯೂ, ತಮ್ಮ ಅಕ್ಕನವರ ಋಣಿಯೂ ಆದ
ಕೃತಿಕಾ

ತಾ.ಕ.: ರೇವತಿಯವರು ನಿನ್ನೆ ಫೋನು ಮಾಡಿ, ಎರಡನೆಯ ಮಗಳಿಗೂ ಸಂಬಂಧ ಕುದುರಿತೆಂದೂ, ಈ ಸಲ ನಾವು ಹೆಣ್ಣಿನ ಕಡೆಯವರಾಗಿಯೇ ಬರಬೇಕೆಂದೂ ಆಜ್ಞೆ ಮಾಡಿದ್ದಾರೆ. ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸುವ ಕೆಲಸ ತಮ್ಮದಂತೆ. ಅತ್ತೆಯವರ ಕನ್ನಡಕ ಹೊಸದು, ದಯವಿಟ್ಟು ಸ್ವಲ್ಪ ಕೆಳಗೆ ಚಿಮುಕಿಸುವುದು.